ತಡವಾಗಿ ನಿಂತ ವೀರಗಲ್ಲು

ನಮ್ಮ ಮಂಡ್ಯ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಕೆರೆಯ ಏರಿಯ ಮೇಲೆ, ಊರ ಬಾಗಿಲಲ್ಲಿ, ಹಾಳು ಗುಡಿಯ ಮಗ್ಗುಲಲ್ಲಿ, ಕೆಲವೆಡೆ ಬಟ್ಟೆ ಒಗೆಯುವ ಹಾಸುಗಲ್ಲಾಗಿಯೂ ಅವು ಕಾಣಸಿಗುತ್ತವೆ. ನಾನು ಹುಟ್ಟಿ ಬೆಳೆದದ್ದು ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಿ. ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯವಿರುವ ಊರು ಅದು. ಹಳೆಯ ಕಲ್ಲುಗಳ ನಡುವೆಯೇ ಆಡಿ ಬೆಳೆದರೂ ಅವುಗಳ ಬೆಲೆ ನನಗೆ ತಿಳಿದದ್ದು ಎಂ.ಎ. ತರಗತಿಯಲ್ಲಿ ಶಾಸನಗಳನ್ನು ಓದಲು ತೊಡಗಿದ ಮೇಲೆಯೇ. ಈಗ ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವ ನಾನು, ವರ್ಷಕ್ಕೊಮ್ಮೆಯಾದರೂ ವಿದ್ಯಾರ್ಥಿಗಳನ್ನು ಅಂಥ ಒಂದು ಕಲ್ಲಿನ ಮುಂದೆ ಕರೆದೊಯ್ದು ನಿಲ್ಲಿಸುವ ಪದ್ಧತಿ ಇಟ್ಟುಕೊಂಡಿದ್ದೇನೆ.

ವೀರಗಲ್ಲಿನ ರಚನೆ ಬಲ್ಲವರಿಗೆ ಹೊಸದಲ್ಲ. ಸಾಮಾನ್ಯವಾಗಿ ಮೂರು ಅಂಕಣಗಳು. ಕೆಳಗಿನದರಲ್ಲಿ ವೀರನು ಹೋರಾಡುತ್ತಿರುತ್ತಾನೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ವಿಮಾನದಲ್ಲಿ ಕೂರಿಸಿಕೊಂಡು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲಿನದರಲ್ಲಿ ಅವನು ದೇವರ ಸನ್ನಿಧಿಯನ್ನು ಸೇರಿರುತ್ತಾನೆ. ಅದರ ಮೇಲೆ ಸೂರ್ಯಚಂದ್ರರು. ಕಳೆದ ಬಾರಿ ಇಷ್ಟನ್ನು ನಾನು ವಿವರಿಸಿ ಮುಗಿಸಿದಾಗ ವಿದ್ಯಾರ್ಥಿನಿಯೊಬ್ಬಳು ಒಂದು ಸಂದೇಹವನ್ನು ಮುಂದಿಟ್ಟಳು. ನೆಲದ ಮೇಲೆ ಸತ್ತವನನ್ನು ವಿಮಾನ ಒಯ್ಯುವುದು ಸರಿ. ಆದರೆ ವಿಮಾನದಲ್ಲಿಯೇ ಹೋರಾಡಿ, ಯಾರೂ ಕಾಣದ ಎಡೆಯಲ್ಲಿ, ಪರರ ನೆಲದ ಮೇಲೆ ಬಿದ್ದವನಿಗೆ ಕಲ್ಲನ್ನು ನೆಡುವವರು ಯಾರು, ಎಲ್ಲಿ ನೆಡಬೇಕು ಎಂಬುದು ಅವಳ ಪ್ರಶ್ನೆ. ಆ ಕ್ಷಣ ನನಗೆ ನೆನಪಾದ ಹೆಸರು ಒಂದೇ: ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರದು. ಆ ಹೆಸರನ್ನು ನಾನು ಮೊದಲು ಅರಿತದ್ದೇ ತಡವಾಗಿ ಎಂಬ ನಾಚಿಕೆಯೂ ಅದರೊಡನೆ ಬಂದಿತು. ಪಂಪ ರನ್ನರ ಯುದ್ಧವರ್ಣನೆಗಳನ್ನು ವರ್ಷಗಟ್ಟಲೆ ಪಾಠ ಹೇಳಿದವನಿಗೆ ನಮ್ಮ ನಾಡಿನಿಂದಲೇ ಹೊರಟು ಆಕಾಶದಲ್ಲಿ ಹೋರಾಡಿದವನ ಕಥೆ ಗೊತ್ತಿರಲಿಲ್ಲ. ಆ ಹುಡುಗಿಗೆ ಅಂದು ಅರ್ಧ ಹೇಳಿದ ಉತ್ತರವನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ.

ದೇವಯ್ಯನವರು ಹುಟ್ಟಿದ್ದು 1932ರ ಡಿಸೆಂಬರ್ 24ರಂದು. ತಂದೆ ಡಾಕ್ಟರ್ ಬೋಪಯ್ಯನವರು. ಅದೇ ವರ್ಷ ಅಕ್ಟೋಬರ್ 8ರಂದು ಭಾರತೀಯ ವಾಯುದಳ ವಿಧ್ಯುಕ್ತವಾಗಿ ಸ್ಥಾಪನೆಯಾಗಿತ್ತು. ಹೀಗೆ ಆ ದಳಕ್ಕೂ ಈ ಮಗುವಿಗೂ ವಯಸ್ಸಿನಲ್ಲಿ ಮೂರು ತಿಂಗಳ ಅಂತರವೂ ಇರಲಿಲ್ಲ. ಮರುವರ್ಷ ಏಪ್ರಿಲ್ 1ರಂದು ಕರಾಚಿಯಲ್ಲಿ ನಾಲ್ಕು ವಾಪಿಟಿ ವಿಮಾನಗಳೊಡನೆ ಆ ದಳದ ಮೊದಲನೆಯ ಸ್ಕ್ವಾಡ್ರನ್ನು ಆರಂಭವಾಯಿತು. ಮುಂದೆ ಈ ಮಗು ದೊಡ್ಡವನಾಗಿ ತನ್ನ ಕೊನೆಯ ಹಾರಾಟಕ್ಕೆ ಹೊರಟದ್ದು ಅದೇ ಒಂದನೆಯ ಸ್ಕ್ವಾಡ್ರನ್ನಿನಿಂದ.

ಕೊಡಗು ಚಿಕ್ಕ ನಾಡು. 1834ರಲ್ಲಿ ತನ್ನ ಅರಸನನ್ನು ಕಳೆದುಕೊಂಡು ಬ್ರಿಟಿಷರ ವಶವಾದ ಮೇಲೂ ಅದು ತನ್ನ ಆಯುಧದ ನಂಟನ್ನು ಬಿಡಲಿಲ್ಲ. ಅಲ್ಲಿ ಗಂಡುಮಗು ಹುಟ್ಟಿದರೆ ಗುಂಡು ಹಾರಿಸುವುದೂ, ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲನ್ನು ಮಗುವಿನ ಕೈಗೆ ಮುಟ್ಟಿಸುವುದೂ ಹಿಂದಿನಿಂದ ಬಂದ ಆಚಾರ. ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯ ಆಯುಧಗಳಿಗೆ ಪೂಜೆ ನಡೆಯುತ್ತದೆ. ಸ್ವತಂತ್ರ ಭಾರತದ ಭೂಸೇನೆಗೆ ಮೊದಲ ಭಾರತೀಯ ದಂಡನಾಯಕರಾದ ಕಾರ್ಯಪ್ಪನವರನ್ನೂ, ಅನಂತರ ಅದೇ ಸೇನೆಯ ಮುಖ್ಯಸ್ಥರಾದ ತಿಮ್ಮಯ್ಯನವರನ್ನೂ ಕೊಟ್ಟ ನಾಡು ಅದು. ಆ ಪರಂಪರೆಯ ಹುಡುಗ ಸೇನೆಯತ್ತ ಮುಖ ಮಾಡಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ದೇವಯ್ಯನವರು ಹಿಡಿದದ್ದು ನೆಲದ ದಾರಿಯನ್ನಲ್ಲ. 1954ರಲ್ಲಿ ಅವರು ವಾಯುದಳದಲ್ಲಿ ವಿಮಾನಚಾಲಕರಾಗಿ ಅಧಿಕಾರಿಪದವಿ ಪಡೆದರು. ಆಗ ಕೊಡಗು ತನ್ನದೇ ಮಂತ್ರಿಮಂಡಲವಿದ್ದ ಪುಟ್ಟ ಪ್ರತ್ಯೇಕ ರಾಜ್ಯ. ಎರಡು ವರ್ಷಗಳ ಅನಂತರ, 1956ರ ನವೆಂಬರ್ 1ರಂದು, ಅದು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು. ಕೊಡಗಿನವರಾಗಿ ಸೇನೆ ಸೇರಿದವರು ಮೈಸೂರು ರಾಜ್ಯದವರಾಗಿ ಯುದ್ಧಕ್ಕೆ ಹೋದರು. ಅವರಿಗೆ ಮನ್ನಣೆ ದೊರೆಯುವ ಹೊತ್ತಿಗೆ ಆ ರಾಜ್ಯದ ಹೆಸರೂ ಬದಲಾಗಿ ಕರ್ನಾಟಕವಾಗಿತ್ತು.

ಅವರು ಸೇರಿದ ದಳದ ಹಿಂದಿನ ಕಥೆಯನ್ನೂ ಇಲ್ಲಿ ನೆನೆಯಬೇಕು. 1947ರಲ್ಲಿ ದೇಶ ಇಬ್ಭಾಗವಾದಾಗ ವಾಯುದಳವೂ ಇಬ್ಭಾಗವಾಯಿತು. ಆಸ್ತಿ ಹಂಚಿಕೊಳ್ಳುವ ದಾಯಾದಿಗಳಂತೆ ವಿಮಾನಗಳನ್ನೂ ಯಂತ್ರಗಳನ್ನೂ ಎರಡು ದೇಶಗಳು ಹಂಚಿಕೊಂಡವು. ಒಂದನೆಯ ಸ್ಕ್ವಾಡ್ರನ್ನಿನ ಸಾಮಗ್ರಿ ಪಾಕಿಸ್ತಾನದ ಪಾಲಾಯಿತು. ಭಾರತದಲ್ಲಿ ಆ ಸಂಖ್ಯೆ ಕೆಲವು ವರ್ಷ ಬರಿದಾಗಿಯೇ ಇದ್ದು, 1953ರ ಜನವರಿ 26ರಂದು 15ನೆಯ ಸ್ಕ್ವಾಡ್ರನ್ನಿಗೆ ಅದನ್ನು ಕೊಟ್ಟು ಮತ್ತೆ ಜೀವಕ್ಕೆ ತಂದರು. ಇಂಥ ಹಂಚಿಕೆ ಲೋಕದಲ್ಲಿ ಇದೊಂದೇ ಅಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಅಲ್ಲಿಯ ವಾಯುಬಲವೂ ಹೊಸ ರಾಷ್ಟ್ರಗಳ ನಡುವೆ ಹರಿದು ಹಂಚಿಹೋಯಿತು. ಪುಟ್ಟ ಮಾಲ್ಡೋವಾಕ್ಕೆ ಮಿಗ್-29 ವಿಮಾನಗಳು ದಕ್ಕಿದವು. ಅವನ್ನು ಸಾಕಲಾರದೆ ಆ ದೇಶ 1997ರಲ್ಲಿ 21 ವಿಮಾನಗಳನ್ನು ಅಮೆರಿಕಕ್ಕೆ ಮಾರಿತು. ಮನೆ ಒಡೆದಾಗ ಪಾತ್ರೆಪಗಡಗಳಷ್ಟೇ ಹಂಚಿಕೆಯಾಗುವುದಿಲ್ಲ, ನೆನಪುಗಳೂ ಹಂಚಿಹೋಗುತ್ತವೆ. ಒಂದು ಮನೆಯ ನೆನಪಿನ ಅರ್ಧ ಇನ್ನೊಂದು ಮನೆಯಲ್ಲಿ ಉಳಿದುಬಿಡುತ್ತದೆ. ದೇವಯ್ಯನವರ ಬಾಳಿನಲ್ಲಿ ಇದು ಅಕ್ಷರಶಃ ನಿಜವಾಯಿತು.

ಹನ್ನೊಂದು ವರ್ಷಗಳ ಸೇವೆಯಲ್ಲಿ ಅವರು ಸ್ಕ್ವಾಡ್ರನ್ ಲೀಡರ್ ಪದವಿಗೆ ಏರಿದ್ದರು. ಯುದ್ಧ ಬಂದಾಗ ಅವರು ಹೊಸಬರಿಗೆ ಹಾರಾಟ ಕಲಿಸುವ ಶಿಕ್ಷಕರಾಗಿದ್ದರು. ಈ ಮಾತನ್ನು ಬರೆಯುವಾಗ ನನ್ನ ಲೇಖನಿ ತುಸು ನಿಲ್ಲುತ್ತದೆ. ನಾವು ಮೇಷ್ಟರುಗಳು ಯುದ್ಧವನ್ನು ಪುಸ್ತಕದಿಂದ ಹೇಳಿ ಮನೆಗೆ ಹೋಗುತ್ತೇವೆ. ಈ ಮೇಷ್ಟರು ತಾವು ಕಲಿಸಿದ ಪಾಠವನ್ನು ತಾವೇ ಒಪ್ಪಿಸಬೇಕಾಗಿ ಬಂದಿತು.

1965ರ ಸೆಪ್ಟೆಂಬರ್ 1ರಂದು ಛಂಬ್ ಪ್ರದೇಶದಲ್ಲಿ ಪಾಕಿಸ್ತಾನದ ಸೇನೆ ಮುನ್ನುಗ್ಗಿತು. 6ರಂದು ಭಾರತದ ಸೇನೆ ಲಾಹೋರಿನ ಕಡೆಗೆ ಗಡಿ ದಾಟಿತು. ಅಂದು ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ಪಠಾಣಕೋಟ ನಿಲ್ದಾಣದ ಮೇಲೆ ಎರಗಿ, ನೆಲದ ಮೇಲಿದ್ದ ಹಲವು ವಿಮಾನಗಳನ್ನು ಸುಟ್ಟವು. ಅದಕ್ಕೆ ಉತ್ತರವಾಗಿ ಮರುದಿನ ಬೆಳಗಿನ ಜಾವದಲ್ಲಿಯೇ ಪಾಕಿಸ್ತಾನದ ಮುಖ್ಯ ವಾಯುನೆಲೆಯಾದ ಸರ್ಗೋಧಾದ ಮೇಲೆ ದಾಳಿ ಮಾಡಬೇಕೆಂದು ಗೊತ್ತಾಯಿತು. ಜಾಲಂಧರಿನ ಸಮೀಪದ ಆದಂಪುರದಲ್ಲಿದ್ದ ಒಂದನೆಯ ಸ್ಕ್ವಾಡ್ರನ್ನಿಗೆ ಆ ಕೆಲಸ ಬಂದಿತು. ವಿಂಗ್ ಕಮಾಂಡರ್ ತನೇಜಾ ಅವರು ನಾಯಕರು. ಹನ್ನೆರಡು ಮಿಸ್ಟೇರ್ ವಿಮಾನಗಳು ಹೋಗಬೇಕು. ಯಾವುದಾದರೂ ಕೆಟ್ಟು ನಿಂತರೆ ಅದರ ಸ್ಥಾನ ತುಂಬಲು ಬೇರೆ ಚಾಲಕರು ಸಿದ್ಧರಿರಬೇಕು. ದೇವಯ್ಯನವರ ಹೆಸರಿದ್ದದ್ದು ಹೀಗೆ ಸಿದ್ಧರಿರಬೇಕಾದವರ ಪಟ್ಟಿಯಲ್ಲಿ.

ಆ ವಿಮಾನಗಳ ಬಲಾಬಲವನ್ನು ತಿಳಿಯದೆ ಮುಂದಿನದು ಅರ್ಥವಾಗದು. ಮಿಸ್ಟೇರ್ ಫ್ರಾನ್ಸಿನಲ್ಲಿ ತಯಾರಾದದ್ದು. 1957ರಿಂದ ನಮ್ಮ ದಳದಲ್ಲಿತ್ತು. ಅದರ ವೇಗ ಗಂಟೆಗೆ ಸುಮಾರು 1,100 ಕಿಲೋಮೀಟರ್. ಮೂಗಿನ ಕೆಳಗೆ 30 ಮಿಲಿಮೀಟರಿನ ಎರಡು ಫಿರಂಗಿಗಳು. ನೆಲದ ಗುರಿಗಳ ಮೇಲೆ ಎರಗಲು ತಕ್ಕುದಾದ ಗಟ್ಟಿ ವಿಮಾನ, ಆದರೆ ಆ ವೇಳೆಗೆ ಹಳೆಯದಾಗಿತ್ತು. ಎದುರಾಳಿಯ ಬಳಿ ಅಮೆರಿಕದ ಸ್ಟಾರ್‌ಫೈಟರ್ ಇತ್ತು. ಅದು ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲದು. ಶಾಖವನ್ನು ಅರಸಿಕೊಂಡು ಹೋಗುವ ಕ್ಷಿಪಣಿಯೂ ಅದಕ್ಕೆ ಉಂಟು. ಮಿಸ್ಟೇರಿಗೆ ಅಂಥ ಅಸ್ತ್ರವಿರಲಿಲ್ಲ. ಇನ್ನೊಂದು ಕಷ್ಟವೆಂದರೆ ದೂರ. ಆದಂಪುರದಿಂದ ಸರ್ಗೋಧಾ ನೇರವಾಗಿ ಸುಮಾರು 300 ಕಿಲೋಮೀಟರ್. ಶತ್ರುವಿನ ಕಣ್ಣು ತಪ್ಪಿಸಲು ನೆಲಕ್ಕೆ ತಾಗುವಷ್ಟು ಕೆಳಗೆ ಹಾರಬೇಕು. ಹಾಗೆ ಹಾರಿದರೆ ಇಂಧನ ಬೇಗ ಮುಗಿಯುತ್ತದೆ. ಹೋಗಿ, ಒಮ್ಮೆ ಎರಗಿ, ತಡಮಾಡದೆ ಹಿಂದಿರುಗಿದರೆ ಮಾತ್ರ ಮನೆ ಸೇರಬಹುದು. ನಡುದಾರಿಯಲ್ಲಿ ಕಾದಾಟಕ್ಕೆ ನಿಂತವನಿಗೆ ಹಿಂದಿರುಗುವ ದಾರಿ ಮುಚ್ಚಿದಂತೆಯೇ.

1965ರ ಸೆಪ್ಟೆಂಬರ್ 7ರ ನಸುಕು. ವಿಮಾನಗಳು ಕತ್ತಲಲ್ಲಿಯೇ ಮೇಲೆದ್ದವು. ತಂಡದ ಒಂದು ವಿಮಾನ ಹಿಂದುಳಿದಾಗ ದೇವಯ್ಯನವರು ಅದರ ಸ್ಥಾನ ತುಂಬಲು ಹೊರಟು ಉಳಿದವರನ್ನು ಹಿಂಬಾಲಿಸಿದರು. ದಾಳಿಕಾರರನ್ನು ತಡೆಯಲು ಸ್ಟಾರ್‌ಫೈಟರಿನಲ್ಲಿ ಬಂದವರು ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ದೇವಯ್ಯನವರ ಮಿಸ್ಟೇರ್ ಅವರ ಕಣ್ಣಿಗೆ ಬಿದ್ದಿತು. ಕ್ಷಿಪಣಿ ಗುರಿ ತಪ್ಪಿತು. ಆಮೇಲೆ ಹಾರಿಸಿದ ಫಿರಂಗಿಯ ಗುಂಡುಗಳು ಮಿಸ್ಟೇರಿಗೆ ತಗುಲಿದವು. ಅದರ ಕಥೆ ಮುಗಿಯಿತೆಂದು ಬಗೆದ ಅಮ್ಜದರು ಬೇರೆ ವಿಮಾನಗಳತ್ತ ತಿರುಗಿದರು. ಆದರೆ ಗಾಯಗೊಂಡ ಆ ವಿಮಾನ ಬಿದ್ದಿರಲಿಲ್ಲ. ದೇವಯ್ಯನವರು ಅದನ್ನು ಹತೋಟಿಗೆ ತಂದುಕೊಂಡು, ತನಗಿಂತ ಎರಡರಷ್ಟು ವೇಗವುಳ್ಳ ಎದುರಾಳಿಯ ಮೇಲೆ ತಿರುಗಿಬಿದ್ದರು. ನೆಲಕ್ಕೆ ಸಮೀಪದಲ್ಲಿ, ಸುತ್ತಿ ಸುತ್ತಿ ಹೋರಾಟ ನಡೆಯಿತು. ವೇಗದ ಅನುಕೂಲ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ತಿರುವಿನ ಕುಶಲತೆ ಗೆದ್ದಿತು. ಮಿಸ್ಟೇರಿನ ಗುಂಡುಗಳು ಸ್ಟಾರ್‌ಫೈಟರಿಗೆ ತಗುಲಿದವು. ಅಮ್ಜದರು ವಿಮಾನದಿಂದ ಹೊರಹಾರಿ ಪ್ಯಾರಾಶೂಟಿನ ನೆರವಿನಿಂದ ಉಳಿದುಕೊಂಡರು. ದೇವಯ್ಯನವರು ಉಳಿಯಲಿಲ್ಲ. ಅವರಿಗೆ ಆಗ ಮೂವತ್ತೆರಡು ವರ್ಷ.

ಇತ್ತ ಆದಂಪುರಕ್ಕೆ ವಿಮಾನಗಳು ಒಂದೊಂದಾಗಿ ಹಿಂದಿರುಗಿದವು. ದೇವಯ್ಯನವರದು ಬರಲಿಲ್ಲ. ಆಗ ನಡೆದ ಹೋರಾಟವನ್ನು ಜೊತೆಗಾರರಾರೂ ಕಂಡಿರಲಿಲ್ಲ. ಇಂಧನ ಮುಗಿಯಿತೋ, ನೆಲದ ಗುಂಡು ತಗುಲಿತೋ, ದಾರಿ ತಪ್ಪಿತೋ, ಹೇಳಬಲ್ಲವರಿರಲಿಲ್ಲ. ಕಾಣೆಯಾದವರು ಎಂದು ಬರೆದುಕೊಂಡರು; ಕಾಲಕ್ರಮದಲ್ಲಿ ಸತ್ತಿರಬೇಕೆಂದು ತೀರ್ಮಾನಿಸಿದರು. ಅದೇ ತಿಂಗಳು 22ರಂದು ಕೊಡಗಿನ ಇನ್ನೊಬ್ಬ ವಿಮಾನಚಾಲಕ, ಜನರಲ್ ಕಾರ್ಯಪ್ಪನವರ ಮಗ, ಗಡಿಯಾಚೆ ಉರುಳಿ ಸೆರೆಸಿಕ್ಕರು. ಯುದ್ಧ ನಿಂತ ಮೇಲೆ ತಾಯ್ನಾಡಿಗೆ ಬಂದರು. ಸೆರೆಯಾದವನಿಗೆ ಪತ್ರ ಬರೆಯಬಹುದು, ಅವನ ಬರವನ್ನು ಕಾಯಬಹುದು. ಸತ್ತವನಿಗೆ ತಿಥಿ ಮಾಡಬಹುದು. ಕಾಣೆಯಾದವನ ಮನೆಯವರಿಗೆ ಈ ಎರಡರಲ್ಲಿ ಯಾವ ಸಮಾಧಾನವೂ ಇಲ್ಲ. ದೇವಯ್ಯನವರ ಪತ್ನಿ ಆ ವರ್ಷಗಳನ್ನು ಹೇಗೆ ಕಳೆದಿರಬಹುದೆಂಬುದನ್ನು ಓದುಗರು ತಮ್ಮ ಮನಸ್ಸಿನಲ್ಲಿಯೇ ತಂದುಕೊಳ್ಳಲಿ. ಅದನ್ನು ವರ್ಣಿಸುವ ಅಧಿಕಾರ ನನಗಿಲ್ಲ.

ಹದಿನಾಲ್ಕು ವರ್ಷ ಉರುಳಿದವು. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕರು ಆ ಯುದ್ಧದ ವಾಯುಸಮರವನ್ನು ಕುರಿತು ಒಂದು ಪುಸ್ತಕ ಪ್ರಕಟಿಸಿದರು. ಅದನ್ನು ಬರೆದದ್ದು ಪಾಕಿಸ್ತಾನದ ವಾಯುದಳದ ಸಹಕಾರದಿಂದ, ಅವರ ದಾಖಲೆಗಳನ್ನು ನೋಡಿ. ಅದರ ಒಲವು ಆ ಕಡೆಗೇ. ಆದರೂ ಅದರಲ್ಲಿ, ಆ ಬೆಳಗ್ಗೆ ಒಂದು ಮಿಸ್ಟೇರ್ ತೋರಿಸಿದ ಅಪೂರ್ವ ಹೋರಾಟದ ವಿವರವಿತ್ತು. ಅದರ ಗುಂಡಿಗೆ ಸ್ಟಾರ್‌ಫೈಟರ್ ಉರುಳಿತೆಂಬ ಒಪ್ಪಿಗೆಯೂ ಇತ್ತು. ಆ ಭಾರತೀಯ ಚಾಲಕನ ಹೆಸರು ಅಲ್ಲಿರಲಿಲ್ಲ. ಹೆಸರನ್ನು ತುಂಬುವ ಕೆಲಸ ನಮ್ಮದಾಯಿತು. ಆ ಬೆಳಗಿನ ತಂಡದಲ್ಲಿ ಹಿಂದಿರುಗದ ಮಿಸ್ಟೇರ್ ಒಂದೇ. ಅದರಲ್ಲಿ ಕುಳಿತಿದ್ದವರು ದೇವಯ್ಯ. ಅಂದಿನ ನಾಯಕರಾದ ತನೇಜಾ ಅವರು, ಸೇವೆಯಿಂದ ನಿವೃತ್ತರಾಗಿದ್ದರೂ, ತಮ್ಮ ತಂಡದವನ ಋಣವನ್ನು ಮರೆಯದೆ ಮೇಲಿನವರಿಗೆ ಬರೆದರು. 1988ರಲ್ಲಿ, ಯುದ್ಧ ಮುಗಿದ ಇಪ್ಪತ್ತಮೂರನೆಯ ವರ್ಷ, ಭಾರತ ಸರ್ಕಾರ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ಕೊಟ್ಟಿತು. ಅವರ ಪತ್ನಿ ಅದನ್ನು ಸ್ವೀಕರಿಸಿದರು. ಸಮರಕಾಲದ ಶೌರ್ಯಕ್ಕೆ ನಮ್ಮ ದೇಶ ಕೊಡುವ ಗೌರವಗಳಲ್ಲಿ ಅದು ಎರಡನೆಯದು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಪಾಕಿಸ್ತಾನದ ಕಡೆಯಿಂದ ಇನ್ನೊಂದು ನಿರೂಪಣೆಯೂ ಉಂಟು. ಸ್ಫೋಟಗೊಂಡ ಮಿಸ್ಟೇರಿನ ಚೂರುಗಳಿಗೆ ಡಿಕ್ಕಿ ಹೊಡೆದು ಸ್ಟಾರ್‌ಫೈಟರ್ ಬಿದ್ದಿತೆಂಬುದು ಆ ಪಕ್ಷದ ಹೇಳಿಕೆ. ಶಾಸನಗಳನ್ನು ಓದುವವನಿಗೆ ಇದರಿಂದ ಗಾಬರಿಯಿಲ್ಲ. ಒಂದೇ ಕಾಳಗವನ್ನು ಗೆದ್ದವರ ಕಲ್ಲೂ ಸೋತವರ ಕಲ್ಲೂ ಒಂದೇ ಬಗೆಯಾಗಿ ಹೇಳುವುದಿಲ್ಲ. ಸಾಕ್ಷಿಗಳನ್ನು ತೂಗಿ ನೋಡುವುದು ನಮ್ಮ ಕರ್ತವ್ಯ. ತನ್ನವರ ಪರವಾಗಿ ಬರೆಯಲು ಕಾರಣವಿದ್ದ ಗ್ರಂಥವೊಂದು ಎದುರಾಳಿಯ ಪರವಾಗಿ ಒಂದು ಸಂಗತಿಯನ್ನು ಒಪ್ಪಿಕೊಂಡಿದ್ದರೆ ಆ ಒಪ್ಪಿಗೆಗೆ ತೂಕ ಹೆಚ್ಚು. ಇನ್ನು, ಆ ಬೆಳಗ್ಗೆ ಆ ಕಾಳಗದಲ್ಲಿ ಎರಡು ವಿಮಾನಗಳೂ ಉರುಳಿದವೆಂಬುದರಲ್ಲಿ ಎರಡು ಪಕ್ಷಗಳಿಗೂ ಭಿನ್ನಾಭಿಪ್ರಾಯವಿಲ್ಲ.

ವೈರಿಯ ಬಾಯಿಂದ ವೀರನಿಗೆ ಮನ್ನಣೆ ಬರುವುದು ಕನ್ನಡ ಕಾವ್ಯದ ಓದುಗರಿಗೆ ಅಪರಿಚಿತವಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ರಣಭೂಮಿಯಲ್ಲಿ ನಡೆದುಬರುವಾಗ ಅಭಿಮನ್ಯುವಿನ ಶವವನ್ನು ಕಾಣುತ್ತಾನೆ. ವೈರಿಯ ಮಗನೆಂಬುದನ್ನು ಮರೆತು ಆ ಬಾಲಕನ ಪರಾಕ್ರಮಕ್ಕೆ ತಲೆಬಾಗುತ್ತಾನೆ. ಆ ಸನ್ನಿವೇಶವನ್ನು ಪಾಠ ಹೇಳುವಾಗಲೆಲ್ಲ ಇದು ಕವಿಯ ಔದಾರ್ಯವೆಂದು ನಾನು ವಿವರಿಸುತ್ತಿದ್ದೆ. ಲೋಕದಲ್ಲಿ ಹಾಗೆ ನಡೆಯಲಾರದೆಂಬ ಅನುಮಾನ ಒಳಗೇ ಇತ್ತು. ದೇವಯ್ಯನವರ ಕಥೆ ತಿಳಿದ ಮೇಲೆ ಆ ಅನುಮಾನ ಹೋಯಿತು. ಅವರು ಬಿದ್ದ ಎಡೆಯ ಹಳ್ಳಿಗರೇ ಅವರ ದೇಹವನ್ನು ಅಲ್ಲಿಯ ಹೊಲದಲ್ಲಿ ಮಣ್ಣು ಮಾಡಿದರೆಂದು ಬಹಳ ಕಾಲದ ಮೇಲೆ ವರದಿಗಳು ಬಂದವು. ತನ್ನ ಊರಿನ ಮೇಲೆ ಬೆಂಕಿ ಸುರಿಸಲು ಬಂದವನೆಂದು ಬಗೆಯದೆ, ಸತ್ತ ಮನುಷ್ಯನೆಂದು ಬಗೆದು ಮಣ್ಣು ಕೊಟ್ಟ ಆ ಕೈಗಳಿಗೂ ಒಂದು ನಮಸ್ಕಾರ ಸಲ್ಲಬೇಕು.

ನಮ್ಮ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಕಲ್ಲೊಂದಿದೆ. ಈಗ ಅದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಕಾಳಗದಲ್ಲಿ ಹೋರಾಡಿದ ಮಣಲೆರನ ಸಂಗತಿ ಅದರಲ್ಲಿ ಉಂಟು. ಅವನು ಅರಸನಿಂದ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಕಲ್ಲು ನಿಂತಿತು, ಪೂಜೆಗೆ ಭೂಮಿಯೂ ದೊರೆಯಿತು. ಇಬ್ಬರೂ ಒಟ್ಟಿಗೆ ಬಿದ್ದ ಆ ಹೋರಾಟದ ಮಾತು ಸಾವಿರ ವರ್ಷ ಉಳಿಯಲು ಕಾರಣವೊಂದೇ: ಅದನ್ನು ಕಂಡವರಿದ್ದರು, ಕಂಡದ್ದನ್ನು ಕೂಡಲೇ ಕಲ್ಲಿಗೆ ಏರಿಸಿದರು. ದೇವಯ್ಯನವರಿಗೆ ಆ ಭಾಗ್ಯವಿರಲಿಲ್ಲ. ಅವರ ಸಾಕ್ಷಿ ಗಡಿಯ ಆಚೆ ಇದ್ದ. ಆ ಸಾಕ್ಷಿಯ ಮಾತು ಒಂದು ಇಂಗ್ಲಿಷ್ ಪುಸ್ತಕದ ದಾರಿಯಿಂದ ಸುತ್ತಿಬಳಸಿ ನಮ್ಮನ್ನು ಮುಟ್ಟಲು ಹದಿನಾಲ್ಕು ವರ್ಷ ಹಿಡಿಯಿತು. ನಾವು ಅದಕ್ಕೆ ಕಿವಿಗೊಟ್ಟು ಮನ್ನಣೆ ಕೊಡಲು ಇನ್ನೂ ಒಂಬತ್ತು ವರ್ಷ ಹಿಡಿಯಿತು.

ಮಡಿಕೇರಿಯಲ್ಲಿ ಅವರ ಪ್ರತಿಮೆ ನಿಂತದ್ದು 2020ರಲ್ಲಿ. 2025ರಲ್ಲಿ ಅವರ ಸಾಹಸವನ್ನು ಆಧರಿಸಿದ ಹಿಂದಿ ಚಲನಚಿತ್ರವೊಂದು ತೆರೆಕಂಡಿತು. ಆದರೆ ಅದರಲ್ಲಿ ನಾಯಕನಿಗೆ ಬೇರೆ ಹೆಸರು. ಕಥೆ ಊರೂರು ಸುತ್ತಿದರೂ ಹೆಸರು ಮತ್ತೆ ಹಿಂದುಳಿಯಿತು. ವೀರಗಲ್ಲಿನ ಬರಹದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಹೆಸರು. ಬಿರುದು ಅಳಿಸಿಹೋದರೂ, ಅರಸನ ವರ್ಷ ಸವೆದುಹೋದರೂ, ಇಂಥವನ ಮಗ ಇಂಥವನು ಎಂಬಷ್ಟು ಉಳಿದರೆ ಆ ಕಲ್ಲು ತನ್ನ ಕೆಲಸ ಮಾಡಿದಂತೆ. ಆದುದರಿಂದ ಬೋಪಯ್ಯನವರ ಮಗ ಅಜ್ಜಮಾಡ ದೇವಯ್ಯ ಎಂದು ಇಲ್ಲಿ ಇನ್ನೊಮ್ಮೆ ಬರೆಯುತ್ತೇನೆ.

ಆ ವಿದ್ಯಾರ್ಥಿನಿಯ ಪ್ರಶ್ನೆಗೆ ನನಗೆ ಹೊಳೆದ ಉತ್ತರ ಇಷ್ಟೇ. ಆಕಾಶದಲ್ಲಿ ಬಿದ್ದವನ ಕಲ್ಲನ್ನು ಅವನು ಬಿದ್ದಲ್ಲಿ ನೆಡಲಾಗದಿದ್ದರೆ ಅವನ ಹೆಸರನ್ನು ಕಲಿಸುವಲ್ಲಿ ನೆಡಬೇಕು. ಈ ವರ್ಷ ವೀರಗಲ್ಲಿನ ಮುಂದೆ ನಿಂತು ನಡುವಿನ ಅಂಕಣವನ್ನು ತೋರಿಸುವಾಗ, ಅಪ್ಸರೆಯರ ವಿಮಾನವನ್ನು ವಿವರಿಸಿದ ಮೇಲೆ, 1965ರ ಸೆಪ್ಟೆಂಬರ್ 7ರ ನಸುಕಿನ ಇನ್ನೊಂದು ವಿಮಾನದ ಮಾತನ್ನೂ ಹೇಳಬೇಕೆಂದು ಗೊತ್ತುಮಾಡಿಕೊಂಡಿದ್ದೇನೆ.